ಜ್ವರದ ತುಂಡು

ಹಿರಿಯರ ಹಬ್ಬದ ದಿನ ಬೆಳಿಗ್ಗೆ ಮಟನ್ ಥರ್ಮಾಮೀಟರ್ ಕೈಕೊಟ್ಟಿತು. ಒಲೆಯ ಮೇಲೆ ಇನ್ನೂ ಏನನ್ನೂ ಇಟ್ಟಿರಲಿಲ್ಲ. ಒಮ್ಮೆ ನೋಡೋಣ ಎಂದು ಅದರ ಮಡಚಿದ ಕಡ್ಡಿ ಬಿಚ್ಚಿದರೆ ಅಡುಗೆಮನೆಯ ಬರೀ ಗಾಳಿಗೆ ಅರವತ್ತೊಂದು ಡಿಗ್ರಿ ತೋರಿಸಿತು. ಸ್ವಲ್ಪ ಹೊತ್ತಿಗೆ ಹನ್ನೆರಡು. ಆಮೇಲೆ ಎರಡು ಗೆರೆ, ಅಷ್ಟೇ. ಲುಂಗಿ ಉಟ್ಟು ನಿಂತ ನನ್ನ ಕಂಕುಳಲ್ಲಿ ಇಟ್ಟುಕೊಂಡು ನೋಡಿದೆ. ಅದರ ಲೆಕ್ಕದಲ್ಲಿ ನಾನು ಸತ್ತು ಬಹಳ ಹೊತ್ತಾಗಿತ್ತು. ಅದು ತೀರಾ ಸುಳ್ಳೂ ಅಲ್ಲ ಅಂದುಕೊಂಡೆ.

ಈ ಸಾಮಾನು ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ಮನೆಯಲ್ಲಿ ಇರಲಿಕ್ಕಿಲ್ಲ. ಪೆನ್ನಿನಷ್ಟು ಉದ್ದ, ತುದಿಗೆ ಚೂಪಾದ ಸ್ಟೀಲಿನ ಕಡ್ಡಿ, ತಲೆಯ ಮೇಲೆ ಅಂಕಿ ತೋರಿಸುವ ಸಣ್ಣ ಗಾಜು. ಬೇಯುತ್ತಿರುವ ಮಾಂಸಕ್ಕೆ ಚುಚ್ಚಿದರೆ ಒಳಗಿನ ಬಿಸಿ ಎಷ್ಟಿದೆ ಎಂದು ಹೇಳುತ್ತದೆ. ಫೋನಿನಲ್ಲಿ ನೋಡಿ ತರಿಸಿದ್ದು ನಾನೇ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ರಕ್ತ ಎಳೆಯುವುದು, ಮೆಷಿನ್ನಿಗೆ ಹಾಕುವುದು, ಬಂದ ಅಂಕಿ ಬರೆದು ಕೊಡುವುದು. ನಮ್ಮ ಮನೆತನದಲ್ಲಿ ಮೊದಲ ಸಂಬಳದ ಮನುಷ್ಯ ನಾನು, ಅದೂ ಅಂಕಿಗಳ ಸಂಬಳ. ಅಂಕಿ ಇಲ್ಲದ ಮಾತಿನ ಮೇಲೆ ನನಗೆ ನಂಬಿಕೆ ಕಡಿಮೆ. ನನ್ನ ಹೆಂಡತಿ ಇದಕ್ಕೆ ನನ್ನನ್ನು ಮೂವತ್ತು ವರ್ಷದಿಂದ ಆಡಿಕೊಂಡು ಬಂದಿದ್ದಳು.

ಅವಳಿಗೆ ಕ್ಯಾನ್ಸರ್ ಆಯಿತು. ಔಷಧಿ ಏರಿಸಲು ಶುರು ಮಾಡಿದಾಗ ದೊಡ್ಡ ಊರಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ರಕ್ತದಲ್ಲಿ ಬಿಳಿ ಕಣ ಇಳಿಯುತ್ತವೆ, ಸಣ್ಣ ಸೋಂಕೂ ತಡೆಯುವುದಿಲ್ಲ, ಮೊಟ್ಟೆ ಮಾಂಸ ಚೆನ್ನಾಗಿ ತಿನ್ನಿಸಿ, ಆದರೆ ಪೂರ್ತಿ ಬೆಂದಿರಬೇಕು ಅಂದರು. ಪೂರ್ತಿ ಎಂದರೆ ಎಷ್ಟು ಎಂದು ಕೇಳಿದೆ. ಅವರು ನಕ್ಕರು. ನಾನು ನಗಲಿಲ್ಲ. ಊರಿಗೆ ಬಂದವನೇ ಥರ್ಮಾಮೀಟರ್ ತರಿಸಿದೆ. ಜೊತೆಗೆ ಬಂದ ಕಾಗದದಲ್ಲಿ ಅಂಕಿ ಇತ್ತು. ನಾನು ಎಪ್ಪತ್ತೈದು ಎಂದು ನಿಶ್ಚಯ ಮಾಡಿಕೊಂಡೆ.

ಅಡುಗೆ ನನ್ನ ಕೈಗೆ ಬಂದದ್ದು ಹಾಗೆ. ಅದುವರೆಗೆ ಚಹಾ ಬಿಟ್ಟು ಏನನ್ನೂ ಮಾಡಿದವನಲ್ಲ. ಬೆಳಿಗ್ಗೆ ಬೇಗ ಎದ್ದು ಮಟನ್ ತರುತ್ತಿದ್ದೆ. ಸಾರಿಗೆ ಸಣ್ಣ ತುಂಡು ಕೊಚ್ಚಿಸಿ, ಎಲುಬಿಲ್ಲದ ದಪ್ಪ ತುಂಡು ಒಂದನ್ನು ಬೇರೆ ಕೇಳುತ್ತಿದ್ದೆ. ಕಡ್ಡಿ ಎಲುಬಿಗೆ ತಾಗಿದರೆ ಅಂಕಿ ತಪ್ಪುತ್ತದೆ, ತೆಳು ತುಂಡಿನಲ್ಲಿ ನಿಲ್ಲುವುದಿಲ್ಲ. ಆ ದಪ್ಪ ತುಂಡು ಎಪ್ಪತ್ತೈದು ಮುಟ್ಟಿತೆಂದರೆ ಉಳಿದದ್ದೆಲ್ಲ ಮುಟ್ಟಿದ ಹಾಗೆ. ಮೊದಲ ದಿನ ನಾನು ಚುಚ್ಚಿ ನಿಂತದ್ದನ್ನು ನೋಡಿ ಅವಳು ಬಾಗಿಲಿಗೆ ಒರಗಿಕೊಂಡೇ ಕೇಳಿದಳು.

"ಅಲ್ರೀ, ಕುರಿ ಸತ್ತು ತಣ್ಣಗಾಗೈತಿ. ಈಗ ಅದಕ್ಕ ಜ್ವರ ನೋಡಾಕ ಹತ್ತೀರಲ್ಲ."

ಅವತ್ತಿನಿಂದ ಅದು ಜ್ವರದ ತುಂಡು. ಇವತ್ತು ಜ್ವರದ ತುಂಡು ತಂದ್ರಾ, ಜ್ವರ ಎಷ್ಟು ಬಂತು, ಮಾತ್ರಿ ಏನರ ಕೊಟ್ರಾ. ತಲೆಯಲ್ಲಿ ಒಂದು ಕೂದಲಿಲ್ಲ, ನಿಲ್ಲಲು ಶಕ್ತಿಯಿಲ್ಲ, ನಾಲಿಗೆ ಮಾತ್ರ ಹಾಗೇ ಇತ್ತು.

ಕುಕ್ಕರನ್ನು ನಾನು ಅಡುಗೆಮನೆಯ ಸಜ್ಜಾದ ಮೇಲೆ ಎತ್ತಿಟ್ಟುಬಿಟ್ಟಿದ್ದೆ. ಮುಚ್ಚಳ ಬಿಗಿದ ಮೇಲೆ ಒಳಗೆ ಕಡ್ಡಿ ಚುಚ್ಚುವುದು ಹೇಗೆ? ಸೀಟಿ ಎಣಿಸುವುದು ಒಂದು ಅಳತೆಯೇ ಅಲ್ಲ ಎಂದು ಅವಳಿಗೂ ಅವಳ ತಂಗಿಗೂ ಭಾಷಣ ಮಾಡಿದ್ದೆ. ತಂಗಿ, ಅಂದರೆ ನನ್ನ ನಾದಿನಿ, ಮಾಗಳದಿಂದ ಬಂದು ಆ ತಿಂಗಳುಗಳೆಲ್ಲ ನಮ್ಮಲ್ಲೇ ಇದ್ದಳು. ತೆರೆದ ಪಾತ್ರೆಯಲ್ಲಿ ಸಾರು ಕುದಿಸಿ, ಎಪ್ಪತ್ತೈದು ಬಂದದ್ದನ್ನು ಇಬ್ಬರಿಗೂ ತೋರಿಸಿ, ಒಲೆ ಆರಿಸಿ, ಪಾತ್ರೆ ಮುಚ್ಚಿ ಡ್ಯೂಟಿಗೆ ಹೋಗುತ್ತಿದ್ದೆ. ನಾನು ಉಣ್ಣುತ್ತಿದ್ದದ್ದು ಸಂಜೆ ಬಂದ ಮೇಲೆ. ಮಟನ್ ಬೆಣ್ಣೆಯಂತೆ ಬೆಂದಿರುತ್ತಿತ್ತು. ನೋಡಿದಿರಾ, ಅಳತೆ ಸರಿಯಿದ್ದರೆ ಹೀಗೆ, ಅನ್ನುತ್ತಿದ್ದೆ. ಅಕ್ಕತಂಗಿಯರು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು.

ಅವಳ ರಕ್ತವನ್ನು ನಾನೇ ಎಳೆದು ನಾನೇ ನೋಡುತ್ತಿದ್ದೆ. ಬಿಳಿ ಕಣ ಇಳಿದವು, ಏರಿದವು, ಮತ್ತೆ ಇಳಿದವು. ಕೊನೆಗೆ ಒಂದು ಜ್ವರ ಬಂತು. ಅದು ಅವಳನ್ನು ಒಯ್ದಿತು. ಸೋಂಕು ಎಲ್ಲಿಂದ ಬಂತು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಹೇಗೆ ಹೇಳಬೇಕೋ ತಿಳಿಯದು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ನಮ್ಮದಾಗಿರುವುದಿಲ್ಲವಲ್ಲ, ಹಾಗೆ. ಮಣ್ಣು ಮಾಡಿ ಬಂದೆ, ಸ್ನಾನ ಮಾಡಿದೆ, ರಜೆ ಮುಗಿದ ಮೇಲೆ ಡ್ಯೂಟಿಗೆ ಹೋದೆ. ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಒಂದಿಷ್ಟು ಅತ್ತುಬಿಡ್ರಿ, ಹಗುರಾಗತೈತಿ ಎಂದು ಒಬ್ಬ ಹಿರಿಯರು ಹೇಳಿದರು. ಅವರು ಹೇಳಿದ ಧಾಟಿ ನೋಡಿದರೆ ಅಳುವುದು ಮಲಬದ್ಧತೆಗೆ ಔಷಧಿ ತಗೊಂಡ ಹಾಗೆ ಅನ್ನಿಸಿ ಸಿಟ್ಟು ಬಂತು. ಅದಾದರೂ ಬಂತಲ್ಲ ಎಂದು ಸಮಾಧಾನವೂ ಆಯಿತು. ಆದರೆ ಅದೂ ನಿಲ್ಲಲಿಲ್ಲ.

ಹಿರಿಯರ ಹಬ್ಬ ಬಂತು. ನಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೊ ಇದೆ, ಅದರ ಕೆಳಗೇ ಹಿರಿಯರಿಗೆ ಎಡೆ ಇಡುತ್ತೇವೆ. ಎರಡೂ ಒಂದೇ ಗೋಡೆಗೆ ಹೇಗೆ ಎಂದು ಕೇಳುವವರು ಕೇಳಲಿ, ಗೋಡೆಗೆ ತೊಂದರೆಯಿಲ್ಲ. ಸತ್ತವರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನು ಮಾಡಿ, ಹೊಸ ಬಟ್ಟೆಯ ಮುಂದೆ ಬಡಿಸಿ, ಲೋಬಾನ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಒಂದು ಸಲ ಕೆಮ್ಮಿ ಬಾಗಿಲು ತೆಗೆದು ನಾವು ಉಣ್ಣುವುದು. ಅಲ್ಲಿಯವರೆಗೆ ಮಾಡಿದ್ದನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಉಪ್ಪು ನೋಡುವಂತಿಲ್ಲ, ಬೆಂದಿದೆಯೇ ಎಂದು ಕಚ್ಚಿ ನೋಡುವಂತಿಲ್ಲ. ನೋಡಿದರೆ ಎಂಜಲಾಯಿತು. ಪ್ರತಿ ವರ್ಷ ನನ್ನ ಹೆಂಡತಿ ಬರೀ ವಾಸನೆಯ ಮೇಲೆ, ಸೌಟಿನಲ್ಲಿ ತುಂಡನ್ನು ಅದುಮುವುದರ ಮೇಲೆ ಮಾಡಿ ಮುಗಿಸುತ್ತಿದ್ದಳು. ಈ ವರ್ಷ ಅವಳೇ ಎಡೆಯ ಆ ಕಡೆ.

ಮಗಳು ತೆಲಿಗಿಯ ಗಂಡನ ಮನೆಯಲ್ಲಿದ್ದಳು, ಹಸಿ ಬಾಣಂತಿ, ಬರುವಂತಿರಲಿಲ್ಲ. ನಾದಿನಿ ಫೋನು ಮಾಡಿ, "ಮಾಮಾ, ನಾ ಬಂದು ಮಾಡ್ತೀನಿ, ನೀವು ಒಲಿ ಮುಂದ ಹೋಗಬ್ಯಾಡ್ರಿ" ಅಂದಳು. ನಾನು ಬೇಡ, ಎಡೆಯ ಹೊತ್ತಿಗೆ ಬಾ ಅಂದೆ. ಕೊನೆಯ ತಿಂಗಳುಗಳಲ್ಲಿ ನನ್ನ ಹೆಂಡತಿ ಉಂಡದ್ದು ನನ್ನ ಕೈಯ ಮಟನ್. ಎಡೆಗೂ ಅದೇ ಇರಲಿ, ಅಷ್ಟೇ ಬಿಸಿಯಲ್ಲಿ, ಅಷ್ಟೇ ಮೆತ್ತಗೆ. ಬಾಯಿಗೆ ಹಾಕದೆ ಬೆಂದದ್ದು ತಿಳಿಯಲು ನನ್ನ ಹತ್ತಿರ ಯಂತ್ರವಿತ್ತು. ಅದು ಈಗ ಎರಡು ಗೆರೆ ತೋರಿಸುತ್ತ ಕೂತಿತ್ತು.

ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಆ ಯೋಚನೆ ಬಂತು. ಇದು ಯಾವಾಗಿನಿಂದ ಕೆಟ್ಟಿದೆ?

ಈ ಯಂತ್ರ ಆಗಲೂ ಹೀಗೆಯೇ ಹೆಚ್ಚು ತೋರಿಸುತ್ತಿದ್ದರೆ, ನಾನು ಎಪ್ಪತ್ತೈದು ಎಂದು ಒಲೆ ಆರಿಸಿದಾಗ ಒಳಗೆ ಐವತ್ತೇ ಇದ್ದರೆ? ಅರೆಬೆಂದ ಮಾಂಸವನ್ನು, ಬಿಳಿ ಕಣ ಇಲ್ಲದ ಹೆಂಗಸಿಗೆ, ನಾನೇ ಮಾಡಿಟ್ಟು ಡ್ಯೂಟಿಗೆ ಹೋಗಿದ್ದರೆ? ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಲ್ಯಾಬಿನಲ್ಲಿ ಯಾರದೋ ರಿಪೋರ್ಟಿನ ಅಂಕಿ ವಿಚಿತ್ರವಾಗಿ ಬಂದಾಗ ಹೇಗೋ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಕೆಲಸ ಸಿಕ್ಕಿತು.

ಸಣ್ಣ ಸ್ಕ್ರೂ ಬಿಚ್ಚಿದೆ. ಸೆಲ್ಲಿನ ಸುತ್ತ ಹಸಿರು ಹಸಿರಾಗಿ ಕಿಲುಬು. ಸಾರಿನ ಹಬೆ ಕಡ್ಡಿ ಮಡಚುವ ಸಂದಿನಿಂದ ಒಳಗೆ ಹೋಗಿರಬೇಕು, ಅಥವಾ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಬಿದ್ದದ್ದಕ್ಕೆ ಸೆಲ್ಲು ಸೋರಿರಬೇಕು. ಮನೆಯಲ್ಲಿ ಸ್ಪಿರಿಟ್ ಇತ್ತು, ಅವಳ ಸೂಜಿಗೆಂದು ತಂದದ್ದು. ಹತ್ತಿ ಅದ್ದಿ ತಗಡಿನ ಪಟ್ಟಿ ಒರೆಸಿದೆ, ಪಟ್ಟಿ ಹೊಳೆಯಿತು. ಬಸ್‌ ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿಯವನು ಹಬ್ಬವಾದರೂ ಅಂಗಡಿ ಅರ್ಧ ತೆರೆದಿದ್ದ. ಸೆಲ್ಲು ಹಾಕಿ, ತಿರುಗಿಸಿ ನೋಡಿ, "ಇದು ಏನ್ ಸರ್, ಟೈರಿಗೆ ಹವಾ ನೋಡೋದಾ?" ಎಂದು ಕೇಳಿದ. ಹೌದು ಅಂದುಬಿಟ್ಟೆ.

ಮನೆಗೆ ಬಂದು ಪರೀಕ್ಷೆಗೆ ಇಟ್ಟೆ. ಮೊದಲು ಐಸು. ಫ್ರಿಜ್ಜಿನ ಐಸನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ, ಲೋಟದ ತುಂಬ ತುಂಬಿ ನೀರು ಹೊಯ್ದೆ. ನಾಲ್ಕು ಡಿಗ್ರಿ ತೋರಿಸಿತು. ನಾಲ್ಕು ಹೆಚ್ಚು ಎಂದರೆ ಎಪ್ಪತ್ತೈದು ಎಂದು ತಿಳಿದದ್ದು ಎಪ್ಪತ್ತೊಂದು, ಅಷ್ಟಕ್ಕೆ ಯಾರೂ ಸಾಯುವುದಿಲ್ಲ ಎಂದು ಒಂದು ಮನಸ್ಸು ಲೆಕ್ಕ ಹಾಕಿತು. ಆಮೇಲೆ ನೋಡಿದರೆ ತಪ್ಪು ನನ್ನದು. ನೀರು ಹೆಚ್ಚಾಗಿ ಐಸು ಮೇಲೆ ತೇಲುತ್ತಿತ್ತು, ಕಡ್ಡಿ ತಳ ಮುಟ್ಟಿತ್ತು. ನೀರು ಚೆಲ್ಲಿ, ಐಸು ಒತ್ತಿ, ಕಲಕಿ, ಕಡ್ಡಿಯನ್ನು ನಡುವೆ ಹಿಡಿದು ಕಾದೆ. ಸೊನ್ನೆ. ಕುದಿಯುವ ನೀರಿನಲ್ಲಿ ತೊಂಬತ್ತೆಂಟು. ನಮ್ಮೂರು ಸಮುದ್ರಕ್ಕಿಂತ ಎತ್ತರದಲ್ಲಿದೆ, ಇಲ್ಲಿ ನೀರು ನೂರಕ್ಕೆ ಮೊದಲೇ ಕುದಿಯುತ್ತದೆ. ಯಂತ್ರ ಸರಿ.

ಸರಿ, ಇವತ್ತಿಗೆ. ನಿನ್ನೆಯ ಮಾತು ಅದು ಹೇಳುವುದಿಲ್ಲ. ಲ್ಯಾಬಿನಲ್ಲಿ ಕೆಟ್ಟ ಮೆಷಿನ್ನನ್ನು ಸರಿಮಾಡಿದ ಮೇಲೆ ಮುಂದಿನ ರಿಪೋರ್ಟುಗಳಿಗೆ ನಾನು ಸಹಿ ಹಾಕಬಲ್ಲೆ. ಅದಕ್ಕೂ ಮೊದಲು ಕೊಟ್ಟದ್ದರ ಬಗ್ಗೆ ಏನೂ ಹೇಳಲಾರೆ. ಅವಳ ತಟ್ಟೆಗೆ ಬಡಿಸಿದ ಮಟನ್ನಿನ ಬಿಸಿ ಇನ್ನು ಯಾವ ಐಸಿನ ಲೋಟದಲ್ಲೂ ಸಿಗುವುದಿಲ್ಲ. ನಾನೇ ಅವಳನ್ನು ಕೊಂದೆನೋ ಇಲ್ಲವೋ, ಎರಡೂ ಆಗಿರಬಹುದು. ಹೀಗೆ ಅಂದುಕೊಂಡು ಈರುಳ್ಳಿ ಹೆಚ್ಚಿದೆ. ಅದಕ್ಕೂ ಕಣ್ಣಲ್ಲಿ ನೀರು ಬರಲಿಲ್ಲ.

ದೊಡ್ಡ ಪಾತ್ರೆ ಬೇಕಾಗಿ ಸಜ್ಜಾ ಹತ್ತಿದೆ. ಅಲ್ಲಿದ್ದ ಎಲ್ಲದರ ಮೇಲೂ ಧೂಳು ಗಟ್ಟಿಯಾಗಿ ಕೂತಿತ್ತು. ಕುಕ್ಕರಿನ ಮೇಲೆ ಅಷ್ಟಿರಲಿಲ್ಲ. ಅದರ ರಬ್ಬರ್ ಒಣಗಿ ಸೀಳಿರಬೇಕಿತ್ತು, ಮೆತ್ತಗೇ ಇತ್ತು. ಒಳ್ಳೆಯ ಕಂಪನಿಯದು ಅಂದುಕೊಂಡು ಪಕ್ಕಕ್ಕೆ ಸರಿಸಿದೆ.

ಸಾರು ಕುದಿಯಿತು. ಜ್ವರದ ತುಂಡಿಗೆ ಕಡ್ಡಿ ಚುಚ್ಚಿದೆ. ಅರವತ್ತು, ಅರವತ್ತೆಂಟು, ಎಪ್ಪತ್ತೈದು. ಆರಿಸಿದೆ, ಮುಚ್ಚಿದೆ.

ನಾದಿನಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಮಾಗಳದಿಂದ ಹಡಗಲಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳಂತೆ, ಹಬ್ಬದ ಗದ್ದಲ. ಕೈಕಾಲು ತೊಳೆದು ನೇರ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಸೌಟಿನಲ್ಲಿ ಒಂದು ತುಂಡು ಎತ್ತಿ ಅದುಮಿದಳು. ಅಕ್ಕ ಮಾಡುತ್ತಿದ್ದದ್ದೂ ಹಾಗೆಯೇ.

"ಮಾಮಾ, ಇನ್ನೂ ನಾಕು ಸೀಟಿ ಹಾಕ್ಸೂನೇನ್ರಿ?"

"ಬ್ಯಾಡ. ಬೆಂದೈತಿ. ಎಪ್ಪತ್ತೈದು ಬಂತು, ನಾನ ನೋಡೀನಿ. ಬೆಳಿಗ್ಗೆ ಕೆಟ್ಟಿತ್ತು, ರಿಪೇರಿ ಮಾಡಿ ಐಸ್‌ನಾಗ ಇಟ್ಟು ನೋಡೀನಿ."

ಅವಳು ಸೌಟು ಕೆಳಗಿಟ್ಟಳು. ಪಾತ್ರೆ ಮುಚ್ಚಿದಳು.

ಹಸಿರು ಇಳಕಲ್ ಸೀರೆ ಮಡಚಿ ಇಟ್ಟೆವು. ರೊಟ್ಟಿ, ಅನ್ನ, ಸಾರು, ಹೋಳಿಗೆ, ನನ್ನ ಹೆಂಡತಿ ಗುಟ್ಟಾಗಿ ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆ. ಜ್ವರದ ತುಂಡನ್ನು ನಾನೇ ಎಡೆಯ ನಡುವೆ ಇಟ್ಟೆ. ದೀಪ ಹಚ್ಚಿ, ಲೋಬಾನ ಹಾಕಿ, ಬಾಗಿಲು ಮುಂದೆ ಮಾಡಿ ಹೊರಗೆ ಕಟ್ಟೆಯ ಮೇಲೆ ಕೂತೆವು. ಓಣಿಯಲ್ಲಿ ಇನ್ನೂ ಎರಡು ಮನೆಯವರು ಹಾಗೇ ಕೂತಿದ್ದರು. ಯಾರೂ ಜೋರಾಗಿ ಮಾತಾಡುವುದಿಲ್ಲ ಆ ಹೊತ್ತು.

ನಾದಿನಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡು ಬೇರೆ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ಏನಾತವ್ವ?"

"ಏನಿಲ್ಲ ಮಾಮಾ. ಅಕ್ಕ ಒಳಗ ಆ ಖಂಡ ಹೆಂಗ ಅಗಿಯಾಕ ಹತ್ಯಾಳೋ ಏನೋ."

"ಯಾಕ? ಆಗ ಮಾಡಿದ್ದಂಗ ಮಾಡೀನಲ್ಲ."

ಅವಳು ನನ್ನ ಕಡೆ ತಿರುಗಿ ಕೂತು, "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಅಂದಳು. "ಆಗ್ಲೂ ಇಷ್ಟ ಬಿರುಸ ಇರ್ತಿತ್ತು ಮಾಮಾ. ಹಲ್ಲಿಗೆ ಹರೀತಿದ್ದಿಲ್ಲ. ನೀವು ಗಾಡಿ ಚಾಲೂ ಮಾಡಿ ಸಂದಿ ತಿರುಗಿದ್ದ ತಡ, ಅಕ್ಕ ಸಜ್ಜಾದಾಗಿನ ಕುಕ್ಕರ್ ಇಳಸು ಅಂತಿದ್ಲು. ಸಾರು ಹಂಗ ಅದಕ್ಕ ಸುರುವಿ, ಎಷ್ಟು ಸೀಟಿ ಆಕ್ಕಾವೋ ಆಗ್ಲಿ ಅಂತ ಬಿಡ್ತಿದ್ವಿ. ಆಮ್ಯಾಲೆ ನಿಮ್ಮ ಪಾತ್ರಿಗೇ ತಿರುಗಿ ಹಾಕಿ, ಕುಕ್ಕರ್ ತೊಳದು, ಒರಸಿ, ಮ್ಯಾಲಿಡ್ತಿದ್ವಿ."

"ದಿನಾ?"

"ನೀವು ಮಟನ್ ತಂದ ದಿನ ಎಲ್ಲಾ."

"ಒಂದ್ ದಿನಾನೂ ಬಿಡದಂಗ?"

"ಒಂದ್ ದಿನಾನೂ ಬಿಟ್ಟಿಲ್ಲ. ಬಿರುಸು ಖಂಡ ಅಕ್ಕನ ಬಾಯಿಗೆ ಹೋಗ್ತಿದ್ದಿಲ್ಲ, ಬಾಯಾಗ ಹುಣ್ಣಿದ್ವಲ್ಲ."

ನಾನು ಲೆಕ್ಕ ಹಾಕಿದೆ. ಬೇರೆ ಏನೂ ಬರುವುದಿಲ್ಲ ನನಗೆ. ಕುಕ್ಕರಿನೊಳಗೆ ಬಿಸಿ ನೂರು ದಾಟುತ್ತದೆ. ಅಷ್ಟು ಸೀಟಿ ಕಂಡ ಮಾಂಸದಲ್ಲಿ ರೋಗದ ಕ್ರಿಮಿ ಯಾವುದೂ ಉಳಿಯುವುದಿಲ್ಲ. ಯಂತ್ರ ಆಗ ಸರಿ ಇತ್ತೋ, ಕೆಟ್ಟಿತ್ತೋ, ಸುಳ್ಳು ಹೇಳುತ್ತಿತ್ತೋ, ಏನಾದರೂ ಆಗಿರಲಿ. ಆ ಜ್ವರ ನನ್ನ ಪಾತ್ರೆಯಿಂದ ಬಂದದ್ದಲ್ಲ.

"ನನಗ ಯಾಕ ಹೇಳ್ಲಿಲ್ಲ?"

"ಹೇಳ್ತೀನಿ ಅಂದೆ. ಅಕ್ಕನ ಬ್ಯಾಡ ಅಂದ್ಲು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "'ಆ ಮನುಷ್ಯಾಗ ನನ್ನ ಜಡ್ಡಿನಾಗ ಮಾಡಾಕ ಇರೋದು ಅದೊಂದ ಕೆಲಸ. ಅದನ್ನೂ ಕಸಗೊಂಡ್ರ ಏನ್ ಮಾಡ್ಯಾನು' ಅಂತಿದ್ಲು."

ಒಳಗೆ ಏನೂ ಸಪ್ಪಳವಿರಲಿಲ್ಲ. ಲೋಬಾನದ ಹೊಗೆ ಬಾಗಿಲಿನ ಸಂದಿಯಿಂದ ಹೊರಗೆ ಬರುತ್ತಿತ್ತು. ಸಂಜೆ ಊಟಕ್ಕೆ ಕೂತು ನಾನು ಅಳತೆಯ ಮಹಿಮೆ ಹೊಗಳುತ್ತಿದ್ದದ್ದು, ಅವರಿಬ್ಬರು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದದ್ದು ನೆನಪಾಯಿತು. ನಗು ತಡೆದುಕೊಳ್ಳಲು ತಲೆ ಬಗ್ಗಿಸುತ್ತಿದ್ದರು. ಎದ್ದು ಸರಿಯಾಗಿ ಕೂರಲಾರದ ಹೆಂಗಸು, ನನ್ನೆದುರು ಅಷ್ಟು ಕಷ್ಟಪಟ್ಟು ಗಂಭೀರವಾಗಿ ಇರುತ್ತಿದ್ದಳು.

ಹೊತ್ತಾಯಿತು. ಕೆಮ್ಮಿ ಬಾಗಿಲು ತೆಗೆದೆ. ಎಡೆ ಹಾಗೇ ಇತ್ತು, ಪ್ರತಿ ವರ್ಷವೂ ಹಾಗೇ ಇರುತ್ತದೆ. ಜ್ವರದ ತುಂಡನ್ನು ಎತ್ತಿ ಕಚ್ಚಿದೆ. ಚಪ್ಪಲಿಯ ಹಾಗಿತ್ತು. ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಕುಕ್ಕರ್ ಎಲ್ಲೈತಿ ಗೊತ್ತೈತಲ್ಲ?" ಎಂದು ನಾದಿನಿಯನ್ನು ಕೇಳಿದೆ.

"ಗೊತ್ತೈತಿ."

"ಇಳಸು. ಬೆಂದ ಮ್ಯಾಲೆ ಅಕ್ಕಗ ಇನ್ನೊಮ್ಮೆ ಎಡಿ ಇಡೂನು."

"ಎರಡನೇ ಸಲ ಯಾರರ ಇಡ್ತಾರೇನು ಮಾಮಾ? ನೋಡಿದೋರು ಏನಂತಾರ?"

"ಅನ್ಲಿ. ನಾನು ಡ್ಯೂಟಿಗೆ ಹೋಗಿ ಬರ್ತೀನಿ."

ಅವಳು ನನ್ನ ಮುಖ ನೋಡಿದಳು. ಅವತ್ತು ನನಗೆ ರಜೆ ಎಂದು ಅವಳಿಗೆ ಗೊತ್ತಿತ್ತು. ಒಳಗೆ ಹೋಗಿ ಸ್ಟೂಲು ಎಳೆದಳು.

ಗಾಡಿ ಚಾಲೂ ಮಾಡಿದೆ. ಸಂದಿ ತಿರುಗಿದ ಮೇಲೆ, ಮುಚ್ಚಿದ್ದ ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿ ಆರಿಸಿದೆ. ಆ ತಿಂಗಳುಗಳೆಲ್ಲ ಬೆಳಿಗ್ಗೆ ಬೆಳಿಗ್ಗೆ ಈ ಜಾಗ ದಾಟಿ ಹೋಗಿದ್ದೆ, ಒಂದು ದಿನವೂ ನಿಂತಿರಲಿಲ್ಲ. ನಿಂತಿದ್ದರೆ ಕೇಳಿಸುತ್ತಿತ್ತು. ಹಿಂದೆ ನಮ್ಮ ಅಡುಗೆಮನೆಯಲ್ಲಿ ಅವಳು ಗೋಡೆಗೆ ಒರಗಿ ಕೂತು, ಹೋದ್ರಾ ನೋಡಲೇ ಎಂದು ತಂಗಿಯನ್ನು ಬಾಗಿಲಿಗೆ ಕಳಿಸುತ್ತಿದ್ದಿರಬೇಕು.

ಗಿರಣಿಯ ಕಟ್ಟೆಯ ಮೇಲೆ ಕೂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನಮ್ಮ ಮನೆಯ ಕಡೆಯಿಂದ ಮೊದಲ ಸೀಟಿ ಬಂತು, ಉದ್ದಕ್ಕೆ, ಜೋರಾಗಿ. ಅದು ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು. ಅವಳು ಹೋದಾಗಿನಿಂದ ಬಾರದೇ ಇದ್ದದ್ದು ಎಲ್ಲ ಒಟ್ಟಿಗೇ ಬಂತು. ದಾರಿಯಲ್ಲಿ ಹೋಗುವವರು ನೋಡಲಿ ಎಂದು ಬಿಟ್ಟೆ.

ಇನ್ನೊಂದು ಸೀಟಿ ಆಯಿತು, ಮತ್ತೊಂದು ಆಯಿತು. ಎಷ್ಟಾದವು ಎಂದು ನಾನು ಎಣಿಸಲಿಲ್ಲ. ಅವಳಿಗೆ ಬೇಕಾದಷ್ಟು ಬೇಯಲಿ ಎಂದು ಅಲ್ಲೇ ಕೂತಿದ್ದೆ.